ಮೈದಾನದ ನಡುವೆ ನಿಂತವನು

ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಜ್ವರ ಬಂದದ್ದು ಈ ವಾರದ ನನ್ನ ಬರೆಹಕ್ಕೆ ಮೂಲಕಾರಣ. ಮರುದಿನ ಕನಕಪುರದಲ್ಲಿ ಅಂತರಕಾಲೇಜು ಕಾಲ್ಚೆಂಡು ಪಂದ್ಯ. ಹದಿನೈದು ಮಂದಿ ಹುಡುಗರನ್ನು ರಾಮನಗರದಿಂದ ಕರೆದುಕೊಂಡು ಹೋಗಿ, ಆಡಿಸಿ, ಕೈಕಾಲುಗಳ ಸಹಿತ ಸಂಜೆಯೊಳಗೆ ಮನೆ ತಲಪಿಸಲು ಒಬ್ಬ ಅಧ್ಯಾಪಕ ಬೇಕಾಗಿತ್ತು. ಪ್ರಾಂಶುಪಾಲರು ನಮ್ಮ ಕೊಠಡಿಯೊಳಗೆ ಒಮ್ಮೆ ಕಣ್ಣಾಡಿಸಿ, "ಕನ್ನಡದ ಮೇಷ್ಟ್ರು ಇನ್ನೂ ವಯಸ್ಸಿನಲ್ಲಿ ಚಿಕ್ಕವರು, ಅವರೇ ಹೋಗಿಬರಲಿ" ಎಂದು ತೀರ್ಪಿತ್ತರು. ಕೇಶಿರಾಜನ ಸೂತ್ರಗಳನ್ನು ಪಾಠ ಹೇಳುವವನಿಗೂ ಕಾಲ್ಚೆಂಡಿಗೂ ಏನು ಸಂಬಂಧವೆಂದು ನಾನು ಕೇಳಬಹುದಾಗಿತ್ತು, ಕೇಳಲಿಲ್ಲ. ಒಂದು ದಿನದ ಮಟ್ಟಿಗೆ ಉತ್ತರಪತ್ರಿಕೆಗಳ ಕಟ್ಟಿನಿಂದ ಬಿಡುಗಡೆ ದೊರೆಯುವುದಾದರೆ ಮಲ್ಲಯುದ್ಧಕ್ಕೂ ಹೊರಡುವ ಮನಃಸ್ಥಿತಿಯಲ್ಲಿ ನಾನಿದ್ದೆ.

ಪಂದ್ಯದಲ್ಲಿ ನಮ್ಮ ಹುಡುಗರು ಎರಡು ಗೋಲು ಹೊಡೆದರು, ಎದುರಾಳಿಗಳು ಒಂದು. ನಮ್ಮ ಎರಡನ್ನೂ ಹೊಡೆದವನು ಚನ್ನಪಟ್ಟಣದ ಕಡೆಯ ಒಬ್ಬ ಎತ್ತರದ ಹುಡುಗ. ಆಟ ಮುಗಿದ ಕ್ಷಣ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನವನ್ನೆಲ್ಲ ಸುತ್ತಿಸಿದರು. ಮುಖ್ಯ ಅತಿಥಿಗಳು ಅವನ ಕೈಗೆ ಒಂದು ಬಟ್ಟಲಿನಾಕಾರದ ಬಹುಮಾನವನ್ನಿತ್ತು, ಆಟದಿಂದ ಶಿಸ್ತು, ಶಿಸ್ತಿನಿಂದ ದೇಶ ಎಂದು ಅರ್ಧ ಗಂಟೆ ಮಾತನಾಡಿದರು. ಅದೆಲ್ಲ ಇದ್ದದ್ದೇ. ನನ್ನ ಕಣ್ಣಿಗೆ ಬಿದ್ದವನು ಬೇರೊಬ್ಬ. ಆಟ ಬಲ್ಲವನು ಮೈದಾನವನ್ನೆಲ್ಲ ನೋಡುತ್ತಾನೆ. ತಿಳಿಯದವನು ಚೆಂಡನ್ನು ಮಾತ್ರ ನೋಡುತ್ತಾನೆ. ನಾನು ಎರಡನೆಯ ಜಾತಿಗೆ ಸೇರಿದವನಾದುದರಿಂದ ಚೆಂಡಿನ ಹಿಂದೆಯೇ ಕಣ್ಣನ್ನು ಓಡಿಸುತ್ತಿದ್ದೆ. ಆ ಚೆಂಡಾದರೋ ಎಲ್ಲಿ ಹೋದರೂ ಸ್ವಲ್ಪ ಹೊತ್ತಿನಲ್ಲಿ ಒಬ್ಬ ಕುಳ್ಳನೆಯ, ಕಪ್ಪನೆಯ ಹುಡುಗನ ಕಾಲಿಗೆ ಬಂದು ಸೇರುತ್ತಿತ್ತು. ಅವನು ಅದನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತಿರಲಿಲ್ಲ. ತಲೆಯೆತ್ತಿ ಒಮ್ಮೆ ನೋಡುವನು. ಯಾರಿಗೆ ಬೇಕೋ ಅವರಿಗೆ ತಲಪಿಸುವನು. ಮತ್ತೆ ಅಲ್ಲಿಂದ ಓಡಿ ಇನ್ನೊಂದು ಜಾಗದಲ್ಲಿ ನಿಲ್ಲುವನು. ಎರಡು ಗೋಲುಗಳಿಗೂ ಚೆಂಡು ಹೊರಟದ್ದು ಅವನ ಕಾಲಿನಿಂದಲೇ.

ಹಿಂತಿರುಗುವ ಬಸ್ಸಿನಲ್ಲಿ, ಸೂಚನಾ ಫಲಕಕ್ಕೆ ಹಾಕಬೇಕಾದ ವರದಿಯನ್ನು ಬರೆಯತೊಡಗಿದೆ. ಇಂಥ ಕಾಲೇಜಿನ ವಿರುದ್ಧ ಇಷ್ಟು ಗೋಲು, ಹೊಡೆದವನು ಇಂಥವನು. ಮೂರು ಸಾಲಿಗೆ ವರದಿ ಮುಗಿದುಹೋಯಿತು. ಪಕ್ಕದಲ್ಲಿ ಕುಳಿತಿದ್ದ ಆ ಕುಳ್ಳ ಹುಡುಗ ಕಾಗದದ ಮೇಲೆ ಕಣ್ಣು ಹಾಯಿಸಿ, "ಸಾರ್, ನಮ್ಮ ಜಾಗದಲ್ಲಿ ಆಡುವವರ ಹೆಸರು ಇದರಲ್ಲಿ ಬರುವುದಿಲ್ಲ, ಅಲ್ಲವೆ?" ಎಂದ. ದೂರಿನ ಧ್ವನಿಯಲ್ಲ ಅದು. ಲೆಕ್ಕದಲ್ಲಿ ಉಳಿದದ್ದೆಷ್ಟು ಎಂದು ಕೇಳುವ ಧ್ವನಿ. ಮಾತು ಮುಂದುವರಿದಂತೆ ತಿಳಿಯಿತು: ಅವನ ತಂದೆ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು. ಓದು ಮುಗಿಯಲು ಇನ್ನೂ ಒಂದು ವರ್ಷವಿದೆ. ಓದು ಬೇಕಾದರೆ ಮುಗಿಸು, ಈ ಆಟ ಮಾತ್ರ ಈ ತಿಂಗಳಿಗೆ ಸಾಕು, ಬೆಳಗಿನ ಹೊತ್ತು ಗೂಡಿನ ಮಾರುಕಟ್ಟೆಗೆ ಬಾ ಎಂದು ಅವರ ಅಪ್ಪಣೆಯಾಗಿದೆ.

ನಾನು ಆ ಮೂರು ಸಾಲನ್ನು ಹರಿದುಹಾಕಲಿಲ್ಲ. ಬೇರೆ ಏನು ಬರೆಯಬೇಕೆಂದೇ ತಿಳಿಯದಿರುವಾಗ ಹರಿದು ಮಾಡುವುದೇನು? ಆದರೆ ಆ ಪ್ರಶ್ನೆ ಮನೆಯವರೆಗೂ ನನ್ನ ಹಿಂದೆಯೇ ಬಂದಿತು.

ಕ್ರಿಕೆಟ್ಟಿನ ಅಂಕಪಟ್ಟಿ ಹಳೆಯ ಶಾನುಭೋಗರ ಖಾತೆಯಂತೆ. ಯಾರು ಎಷ್ಟು ಚೆಂಡು ಎಸೆದರು, ಯಾರು ಎಷ್ಟು ಎದುರಿಸಿದರು, ಯಾರು ಹಿಡಿದರು, ಒಂದೂ ತಪ್ಪುವುದಿಲ್ಲ. ಸೊನ್ನೆಗೆ ಔಟಾದವನ ಹೆಸರೂ ಶಾಶ್ವತವಾಗಿ ಅದರಲ್ಲಿ ಉಳಿಯುತ್ತದೆ. ಕಾಲ್ಚೆಂಡಿನ ದಾಖಲೆಯ ಧರ್ಮವೇ ಬೇರೆ. ಹನ್ನೊಂದು ಮಂದಿ ಒಂದೂವರೆ ಗಂಟೆ ಬೆವರು ಸುರಿಸಿದ ಮೇಲೆ ಅದು ಒಂದೆರಡು ಹೆಸರುಗಳನ್ನು ಮಾತ್ರ ಬರೆದುಕೊಂಡು ಪುಸ್ತಕ ಮುಚ್ಚುತ್ತದೆ. ಹಿಂದೆ ನಿಂತು ತಡೆಯುವವನನ್ನು ತಪ್ಪು ಮಾಡಿದಾಗಲಾದರೂ ನೆನೆಯುತ್ತಾರೆ. ನಡುವೆ ನಿಂತವನಿಗೆ ಆ ಭಾಗ್ಯವೂ ಇಲ್ಲ. ಒಳ್ಳೆಯ ಮಧ್ಯರಂಗದ ಆಟಗಾರ ಒಂದು ಪಂದ್ಯದಲ್ಲಿ ಹತ್ತು ಕಿಲೋಮೀಟರಿಗೂ ಮಿಗಿಲಾಗಿ ಓಡುತ್ತಾನೆ. ಹಿಂದಿನವರಿಂದ ಪಡೆದು ಮುಂದಿನವರಿಗೆ ಕೊಡುತ್ತಾನೆ. ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾನೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಅವನು ವಿಭಕ್ತಿ ಪ್ರತ್ಯಯವಿದ್ದ ಹಾಗೆ. ನಾಮಪದವನ್ನು ಕ್ರಿಯಾಪದಕ್ಕೆ ಸೇರಿಸುವವನು ಅವನೇ. ಪದ್ಯವನ್ನು ಕಂಠಪಾಠ ಮಾಡುವಾಗ ಯಾರೂ ಪ್ರತ್ಯಯವನ್ನು ಮೆಚ್ಚಿ ತಲೆದೂಗುವುದಿಲ್ಲ. ಕಿತ್ತುಹಾಕಿದರೆ ಮಾತ್ರ ವಾಕ್ಯ ಕುಸಿದು ಬೀಳುತ್ತದೆ. ಈ ಉಪಮೆಯನ್ನು ಮನೆಯಲ್ಲಿ ಹೇಳಿದಾಗ ನನ್ನಾಕೆ, "ಪಾಪ, ಆ ಹುಡುಗನಿಗೆ ಇದನ್ನು ಹೇಳಿಬಿಟ್ಟೀರಿ, ಆಟವನ್ನೂ ಬಿಟ್ಟಾನು, ಕನ್ನಡವನ್ನೂ ಬಿಟ್ಟಾನು" ಎಂದಳು.

ಆ ರಾತ್ರಿ ನನಗೆ ನೆನಪಾದ ಹೆಸರು ಕಾರ್ಲ್‌ಟನ್ ಚಾಪ್‌ಮನ್. ಓದುಗರಲ್ಲಿ ಹಲವರು ಈ ಹೆಸರನ್ನು ಕೇಳಿರಲಾರರು. ಕೇಳಿಲ್ಲವೆಂದು ನಾಚಬೇಕಾಗಿಯೂ ಇಲ್ಲ. ಭಾರತದ ತಂಡಕ್ಕೆ ನಾಯಕನಾಗಿದ್ದ ಈ ಬೆಂಗಳೂರಿನ ಆಟಗಾರನ ವಿಷಯ ನಾನು ಮೊದಲ ಸಲ ಮನಸ್ಸಿಟ್ಟು ಓದಿದ್ದು ಆತನ ಮರಣವಾರ್ತೆಯಲ್ಲಿ, 2020ರ ಅಕ್ಟೋಬರಿನಲ್ಲಿ. ಅದು ಕೋವಿಡ್ ಕಾಲ. ಪತ್ರಿಕೆ ಬಿಚ್ಚಿದರೆ ಸಾವಿನ ಸುದ್ದಿಯೇ. ಆ ಮಹಾಪೂರದ ನಡುವೆ, ಹೃದಯಾಘಾತದಿಂದ ತೀರಿಕೊಂಡ ನಲವತ್ತೊಂಬತ್ತು ವರ್ಷದ ಆಟಗಾರನೊಬ್ಬನ ಸುದ್ದಿ ಎಷ್ಟು ಜಾಗ ಪಡೆದೀತು? ನಾನು ಓದಿ, ಅಯ್ಯೋ ಎಂದು, ಪುಟ ತಿರುವಿದೆ. ಈಗ ನಾಲ್ಕಾರು ಸಂಜೆ ಕುಳಿತು ಆ ಬಾಳಿನ ಎಳೆಗಳನ್ನು ಹುಡುಕಿದೆ.

ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ನಮ್ಮ ರಾಮನಗರದಿಂದ ಐವತ್ತು ಕಿಲೋಮೀಟರಿನ ಆ ಊರಿನಲ್ಲಿ ಎರಡು ಊರುಗಳಿವೆಯೆಂಬುದನ್ನು ಮೈಸೂರು ರಸ್ತೆಯಿಂದ ಒಳಹೋಗುವ ನಮ್ಮಂಥವರು ಮರೆಯುತ್ತೇವೆ. ಪೇಟೆಯ ಬೆಂಗಳೂರು ಒಂದು. ದಂಡಿನ ಬೆಂಗಳೂರು ಇನ್ನೊಂದು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಎಂಬ ಆ ಕಡೆಯ ಬಡಾವಣೆಗಳಲ್ಲಿ ಬ್ರಿಟಿಷ್ ಸಿಪಾಯಿಗಳು ಬಿಟ್ಟುಹೋದ ಕಾಲ್ಚೆಂಡು ಇನ್ನೂ ಉರುಳುತ್ತಲೇ ಇದೆ. ಗೌತಮಪುರದಲ್ಲಿ ಬುದ್ಧನಿಗೂ ಅಂಬೇಡ್ಕರರಿಗೂ ಪ್ರತಿಮೆಗಳಿರುವೆಡೆಯಲ್ಲೇ ಬ್ರೆಜಿಲ್ ದೇಶದ ಪೆಲೆಗೂ ಒಂದು ಪ್ರತಿಮೆಯಿದೆ ಎಂದರೆ ಆ ಭಕ್ತಿಯ ಪ್ರಮಾಣವನ್ನು ಊಹಿಸಬಹುದು. ಆ ಚೆಂಡು ಮೈಸೂರು ರಸ್ತೆಯಲ್ಲಿ ಉರುಳಿ ನಮ್ಮ ಕಡೆಗೆ ಬರಲಿಲ್ಲ. ಇಲ್ಲಿ ಕಬಡ್ಡಿ ಉಂಟು, ವಾಲಿಬಾಲ್ ಉಂಟು. ಕಾಲ್ಚೆಂಡು ಎಂದರೆ ಮಳೆಗಾಲದ ಕೆಸರಾಟ.

ಹಳೆಯ ಮೈಸೂರು ಸಂಸ್ಥಾನದ ಹೆಸರಿನಲ್ಲಿ ಆಡಿದ ತಂಡ ಸಾಮಾನ್ಯವಾದುದಾಗಿರಲಿಲ್ಲ. ದೇಶದ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ಅದು ನಾಲ್ಕು ಬಾರಿ ಗೆದ್ದಿತು. ಸ್ವತಂತ್ರ ಭಾರತ ಮೊದಲ ಸಲ ಒಲಿಂಪಿಕ್ಸಿಗೆ ಹೋದದ್ದು 1948ರಲ್ಲಿ, ಲಂಡನ್ನಿಗೆ; ಫ್ರಾನ್ಸಿನೆದುರು ನಮ್ಮವರಲ್ಲಿ ಬಹಳ ಮಂದಿ ಬರಿಗಾಲಿನಲ್ಲಿ ಆಡಿ 1-2ರಲ್ಲಿ ಸೋತರು. ಆ ಒಂದು ಗೋಲನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘಕ್ಕೆ ಹೋಗಿ, ಅಲ್ಲಿಯ ಜನ 'ಪಂಚಪಾಂಡವರು' ಎಂದು ಕೊಂಡಾಡಿದ ಐವರಲ್ಲಿ ಒಬ್ಬರಾದರು. 1956ರಲ್ಲಿ ಮೆಲ್ಬೋರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಉಪಾಂತ್ಯಕ್ಕೇರಿ, ಕಡೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಅಂದು ಮೂರು ಗೋಲು ಹೊಡೆದ ನೆವಿಲ್ ಡಿಸೋಜರ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಆ ತಂಡದ ಹಾಫ್‌ಬ್ಯಾಕುಗಳಲ್ಲಿ, ಅಂದರೆ ಆ ಕಾಲದ ನಡುವಣ ಆಟಗಾರರಲ್ಲಿ, ಬೆಂಗಳೂರಿನವರೊಬ್ಬರಿದ್ದರು. ಹೆಸರು ಕೆಂಪಯ್ಯ. 1960ರಲ್ಲಿ ರೋಮಿಗೂ ಹೋಗಿಬಂದವರು. ತರಗತಿಯಲ್ಲಿ ನಾನು ಈ ಹೆಸರು ಹೇಳಿದಾಗ ಹಿಂದಿನ ಬೆಂಚುಗಳಿಂದ ನಗೆ ಎದ್ದಿತು. ಕಾರಣ ವಿಚಾರಿಸಲಾಗಿ, ಮಾಗಡಿ ಕಡೆಯ ಮೂವರು ಹುಡುಗರ ಅಜ್ಜಂದಿರ ಹೆಸರು ಕೆಂಪಯ್ಯ! ಕೆಂಪೇಗೌಡರ ಸೀಮೆಯಲ್ಲಿ ಅದೇನು ಅಪರೂಪದ ಹೆಸರೆ? ತಮ್ಮ ಅಜ್ಜನ ಹೆಸರಿನವನೊಬ್ಬ ಎರಡು ಒಲಿಂಪಿಕ್ಸುಗಳನ್ನು ಕಂಡನೆಂಬುದು ಅವರಿಗೆ ಮೊದಲು ಹಾಸ್ಯವಾಗಿಯೂ ಅನಂತರ ಹೇಗೋ ಏನೋ ಸಣ್ಣದೊಂದು ಹೆಮ್ಮೆಯಾಗಿಯೂ ತೋರಿತು.

ಚಾಪ್‌ಮನ್ ಈ ಪರಂಪರೆಯ ಕೊನೆಯಲ್ಲಿ ಬಂದವರು. ಎಂಬತ್ತರ ದಶಕದ ನಡುಭಾಗದಲ್ಲಿ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಶಿಕ್ಷಣ. ಅನಂತರ ಊರಿನದೇ ಸದರ್ನ್ ಬ್ಲೂಸ್ ಎಂಬ ಸಂಘದಲ್ಲಿ ಆಟ. 1987ರಲ್ಲಿ ಟಾಟಾ ಸಂಸ್ಥೆಯವರು ಜಮ್‌ಷೆಡ್‌ಪುರದಲ್ಲಿ ಕಾಲ್ಚೆಂಡಿನ ಗುರುಕುಲವೊಂದನ್ನು ತೆರೆದಿದ್ದರು. ಹುಡುಗರನ್ನು ಆರಿಸಿ ತಂದು, ಊಟ ವಸತಿ ಕೊಟ್ಟು, ಓದಿಸಿ ಆಡಿಸುವ ಏರ್ಪಾಡು. 1990ರಲ್ಲಿ ಈ ಹುಡುಗ ಅಲ್ಲಿಗೆ ಹೊರಟ. ಹತ್ತೊಂಬತ್ತು ವರ್ಷ. ಹಾಗೆ ಹೊರಟವನು ಆಟದ ಬಾಳನ್ನೆಲ್ಲ ಹೊರನಾಡಿನಲ್ಲೇ ಕಳೆದ: ಜಮ್‌ಷೆಡ್‌ಪುರ, ಕಲ್ಕತ್ತೆ, ಪಂಜಾಬಿನ ಫಗ್ವಾಡಾ, ಕೊಚ್ಚಿ, ಮರಳಿ ಕಲ್ಕತ್ತೆ. ಕಾಲ್ಚೆಂಡಿನಲ್ಲಿ ಅನ್ನ ಹುಟ್ಟುವ ಊರುಗಳು ಅವೇ ಆಗಿದ್ದವು.

1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ವರ್ಷವೇ ಒಂದು ಘಟನೆ ನಡೆಯಿತು. ಏಷ್ಯದ ದೇಶಗಳಲ್ಲಿ ಕಪ್ ಗೆದ್ದ ಸಂಘಗಳಿಗಾಗಿ ಆಗ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಮೊದಲ ಸುತ್ತಿನಲ್ಲಿ ಈಸ್ಟ್ ಬೆಂಗಾಲಿಗೆ ಎದುರಾದದ್ದು ಬಾಗ್ದಾದಿನ ಅಲ್ ಜವ್ರಾ. ಇರಾಕ್ ಎಂದರೆ 1986ರ ವಿಶ್ವಕಪ್ಪಿನಲ್ಲಿ ಆಡಿದ ದೇಶ. ಅದರ ಹೆಸರಾಂತ ಸಂಘ ಇದು. ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ಅದನ್ನು 6-2ರಿಂದ ಸೋಲಿಸಿತು. ಆರರಲ್ಲಿ ಮೂರು ಗೋಲು ಇಪ್ಪತ್ತೆರಡು ವರ್ಷದ ಚಾಪ್‌ಮನ್ನರದು.

ಇಲ್ಲಿಯೇ ನನ್ನ ತಕರಾರು. ಆತನ ಮರಣವಾರ್ತೆಗಳಲ್ಲಿ ನಾನು ಓದಿದವೆಲ್ಲ ಈ ಮೂರು ಗೋಲುಗಳನ್ನು ಹೇಳಿದವು. ಹೇಳಬೇಕಾದದ್ದೇ. ಆದರೆ ಗಮನಿಸಿ: ನಡುವಿನ ಆಟಗಾರನಾದ ಆತನನ್ನು ಲೋಕ ನೆನಪಿಟ್ಟುಕೊಂಡಿರುವುದು, ಆತ ತನ್ನ ಕೆಲಸವನ್ನು ಬಿಟ್ಟು ಮುಂದಿನವರ ಕೆಲಸವನ್ನು ಮಾಡಿದ ಒಂದು ಸಂಜೆಗಾಗಿ! ಅಡುಗೆಯವನನ್ನು ಒಂದು ದಿನ ಆತ ಹಾಡಿದ ಹಾಡಿಗಾಗಿ ಸ್ಮರಿಸಿದಂತಾಯಿತು. ಉಳಿದ ನೂರಾರು ಸಂಜೆಗಳಲ್ಲಿ ಆತ ಬಡಿಸಿದ್ದನ್ನು ಉಂಡವರು ಎಲ್ಲಿ ಹೋದರು?

ಉಂಡವರ ಹೆಸರುಗಳು ಪ್ರಸಿದ್ಧವಾದವೇ. 1995ರಲ್ಲಿ ಚಾಪ್‌ಮನ್ ಪಂಜಾಬಿನ ಜೆಸಿಟಿ ಸಂಘಕ್ಕೆ ಹೋದರು. ಅದೊಂದು ಬಟ್ಟೆಯ ಗಿರಣಿಯ ತಂಡ. ಅಲ್ಲಿ ಮುಂದೆ ನಿಂತವರು ಕೇರಳದ ಐ. ಎಂ. ವಿಜಯನ್ ಮತ್ತು ಸಿಕ್ಕಿಮಿನ ಭೈಚುಂಗ್ ಭುಟಿಯಾ. ಹಿಂದಿನಿಂದ ಚೆಂಡನ್ನು ಒದಗಿಸಿದವರು ನಮ್ಮ ಬೆಂಗಳೂರಿನವರು. 1997ರವರೆಗೆ ಆ ಸಂಘ ಹದಿನಾಲ್ಕು ಪ್ರಶಸ್ತಿಗಳನ್ನು ಬಾಚಿಕೊಂಡಿತು. ದೇಶದ ಮೊತ್ತಮೊದಲ ರಾಷ್ಟ್ರೀಯ ಲೀಗ್ ನಡೆದದ್ದು 1996-97ರಲ್ಲಿ, ಗೆದ್ದದ್ದು ಜೆಸಿಟಿ. ಭುಟಿಯಾ ಮತ್ತು ವಿಜಯನ್ನರ ಗೋಲುಗಳ ಸಂಖ್ಯೆ ನಿಮಗೆ ಬೇಕಾದರೆ ಸಿಕ್ಕೀತು. ಅವುಗಳಲ್ಲಿ ಎಷ್ಟು ಚಾಪ್‌ಮನ್ನರ ಕಾಲಿನಿಂದ ಹೊರಟವು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಈಗ ಯುರೋಪಿನ ಸಂಘಗಳು ಪ್ರತಿಯೊಬ್ಬನ ಪ್ರತಿಯೊಂದು ಒದೆತವನ್ನೂ ಯಂತ್ರದಿಂದ ಎಣಿಸುತ್ತವೆ. ಆ ವಿದ್ಯೆ ಆಗ ಫಗ್ವಾಡಾಕ್ಕೆ ಬಂದಿರಲಿಲ್ಲ.

ಅದೇ 1997ರಲ್ಲಿ, ಕಾಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯದ ಪಂದ್ಯಾವಳಿಗೆ ಹೋದ ಭಾರತದ ತಂಡಕ್ಕೆ ಚಾಪ್‌ಮನ್ ನಾಯಕರು. ಅಂತಿಮ ಪಂದ್ಯದಲ್ಲಿ ಮಾಲ್ಡೀವ್ಸಿನ ಮೇಲೆ 5-1ರ ಜಯ. ದೇಶದ ನಾಯಕನಾಗಿ ಕಪ್ಪನ್ನೆತ್ತಿದ ಬೆಂಗಳೂರಿನವರೆಂದರೆ ನಮಗೆ ಕ್ರಿಕೆಟ್ಟಿನ ಹೆಸರುಗಳೇ ನಾಲಿಗೆಗೆ ಬರುತ್ತವೆ. ಕಾಠ್ಮಂಡುವಿನ ಕಪ್ಪು ಚಿಕ್ಕದೆನ್ನುವವರಿಗೆ ನಾನು ಎದುರಾಡುವುದಿಲ್ಲ. ಆದರೂ ನಾಯಕ ನಾಯಕನೇ.

ಅಲ್ಲಿಂದ ಮುಂದೆ ಕೊಚ್ಚಿಯ ಹೊಸ ಸಂಘದಲ್ಲಿ ಒಂದು ಋತು; 1998ರಲ್ಲಿ ಮರಳಿ ಈಸ್ಟ್ ಬೆಂಗಾಲ್. 2001ರಲ್ಲಿ ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗನ್ನು ಗೆದ್ದಿತು, ಚಾಪ್‌ಮನ್ನರ ನಾಯಕತ್ವದಲ್ಲಿ. ಆ ವರ್ಷವೇ ನಿವೃತ್ತಿ. ಮೂವತ್ತು ವರ್ಷ. ನನ್ನಂಥವನು ಎಂ. ಎ. ಮುಗಿಸಿ, ಅತಿಥಿ ಉಪನ್ಯಾಸಕನಾಗಿ ಅಲೆದು, ಆಗತಾನೆ ಒಂದು ಕೆಲಸಕ್ಕೆ ಹತ್ತುವ ವಯಸ್ಸು.

ಇಷ್ಟನ್ನೂ ಕಲೆಹಾಕಿಕೊಂಡು ಒಂದು ಭಾನುವಾರ ನಾನು ಆ ಹುಡುಗನ ಮನೆಗೆ ಹೋದೆ. ಹೋಗಬೇಕಾದ ಅಧಿಕಾರ ನನಗೇನೂ ಇರಲಿಲ್ಲ. ಅವನು ನನ್ನ ತರಗತಿಯವನು. ಆಟ ನನ್ನ ವಿಷಯವಲ್ಲ. ಮನೆಯೆಂದರೆ ಮುಂದೆ ವಾಸ, ಹಿಂದೆ ನೂಲು ಬಿಚ್ಚುವ ಶಾಲೆ. ರಾಮನಗರದ ಈ ಬೀದಿಗಳಿಗೆ ಒಂದು ವಾಸನೆಯುಂಟು, ಬೆಂದ ಗೂಡಿನದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾಲ್ಕು ವರ್ಷದಿಂದ ಇಲ್ಲಿರುವ ನನಗೆ ಅದಿಲ್ಲದ ಗಾಳಿಯೇ ಸಪ್ಪೆ. ಒಳಗೆ ಹಬೆ. ಬಿಸಿನೀರಿನ ಬಟ್ಟಲುಗಳ ಮುಂದೆ ಹೆಂಗಸರು ಕುಳಿತಿದ್ದರು. ಹುಡುಗನ ತಂದೆ ಒಂದು ಬಟ್ಟಲಿನ ಮುಂದೆ ತಾವೇ ನಿಂತಿದ್ದರು. ಆ ದಿನ ಒಬ್ಬ ಆಳು ಬಂದಿರಲಿಲ್ಲವಂತೆ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಕೈ ಬಿಡೋ ಹಾಗಿಲ್ಲ, ತಪ್ಪು ತಿಳೀಬೇಡಿ."

"ಪರವಾಗಿಲ್ಲ ಸಾಹೇಬರೆ, ನೀವು ಕೆಲಸ ಮಾಡುತ್ತಲೇ ಇರಿ" ಎಂದು ಸ್ಟೂಲಿನ ಮೇಲೆ ಕುಳಿತೆ.

ಅವರು ಆಟಕ್ಕೆ ವಿರೋಧಿಗಳಲ್ಲ. ಮಗ ಆಡುವುದು ತಪ್ಪೆಂದು ಅವರೆಂದೂ ಹೇಳಿಲ್ಲ. ಆದರೆ ಗೂಡಿನ ಬೆಲೆ ಒಂದು ದಿನ ಏರುತ್ತದೆ, ನೂಲಿನ ಬೆಲೆ ಮರುದಿನ ಇಳಿಯುತ್ತದೆ. ಹರಾಜಿನಲ್ಲಿ ನಿಂತು ಗೂಡಿನ ಗುಣ ಗುರುತಿಸುವುದನ್ನು ಮಗ ಈಗ ಕಲಿಯದಿದ್ದರೆ ಇನ್ನು ಯಾವಾಗ? ನಾನು ಉತ್ತರ ಕೊಡದೆ ಕನಕಪುರದ ಪಂದ್ಯವನ್ನು ವರ್ಣಿಸಿದೆ. ಮಗ ಗೋಲು ಹೊಡೆದನೆ ಎಂದು ಅವರು ಕೇಳಿದರು. ಇಲ್ಲವೆಂದೆ. ಮತ್ತೇನು ಮಾಡಿದ ಎಂದರು. ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಕೊಡುವುದು, ನಡುವೆ ಕಡಿಯದಂತೆ ನೋಡಿಕೊಳ್ಳುವುದು ಅವನ ಕೆಲಸವೆಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಟ್ಟಲಿನಲ್ಲಿ ಏಳೆಂಟು ಗೂಡುಗಳು ನೀರಿನ ಮೇಲೆ ಕುಣಿಯುತ್ತಿದ್ದವು. ಅಷ್ಟರ ಎಳೆಗಳೂ ಕೂಡಿ ಒಂದೇ ನೂಲಾಗಿ ಮೇಲಿನ ರಾಟೆಗೆ ಏರುತ್ತಿತ್ತು. ಒಂದು ಗೂಡು ಬರಿದಾಗಿ ಒಳಗಿನ ಹುಳು ಕಾಣಿಸಿತು. ಅವರ ಬೆರಳು, ನೀರಿನ ಬಿಸಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದ ಬೆರಳು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊಸ ಗೂಡಿನ ಎಳೆಯ ತುದಿಯನ್ನು ಹಿಡಿದು ಓಡುವ ನೂಲಿನ ಮೇಲೆ ಎಸೆಯಿತು. ಅದು ಅಂಟಿಕೊಂಡಿತು. ನೂಲು ನಿಲ್ಲಲಿಲ್ಲ.

"ಹಂಗಾದ್ರೆ ಇದೇ ಕೆಲಸ" ಎಂದರು.

"ಏನು ಸಾಹೇಬರೆ?"

"ಈ ತುದಿ ಕೊಡೋ ಕೆಲಸ. ಹೊತ್ತಿಗೆ ಸರಿಯಾಗಿ ಕೊಡದೆ ಹೋದ್ರೆ ನೂಲು ಸಣ್ಣ ಆಗ್ತದೆ. ಜಾಸ್ತಿ ಕೊಟ್ರೆ ದಪ್ಪ ಆಗ್ತದೆ. ಸೀರೆ ಉಟ್ಟೋರಿಗೆ ಗೊತ್ತಾಗೋದಿಲ್ಲ. ನೇಯೋನಿಗೆ ಗೊತ್ತಾಗ್ತದೆ."

ನಾನು ಮನೆಯಿಂದ ತಂದಿದ್ದ ವಿಭಕ್ತಿ ಪ್ರತ್ಯಯದ ಉಪಮೆಯನ್ನು ಜೇಬಿನಿಂದ ತೆಗೆಯಲಿಲ್ಲ. ಅದರ ಬದಲು ಚಾಪ್‌ಮನ್ನರ ಕಥೆಯನ್ನು ಹೇಳಿದೆ. ಬಾಗಿಲಲ್ಲಿ ಹುಡುಗನೂ ಬಂದು ನಿಂತ. ಬಾಗ್ದಾದಿನವರ ಮೇಲೆ ಮೂರು ಗೋಲು ಎಂದಾಗ ಅವನ ಕಣ್ಣು ಅರಳಿತು. ಅವನ ತಂದೆಯದು ಅರಳಲಿಲ್ಲ. ಕೊನೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ:

"ಆಟ ನಿಂತ್ಮೇಲೆ ಆ ಮನುಷ್ಯ ಏನ್ಮಾಡಿದ್ರು?"

ಕಥೆಯನ್ನು 2001ಕ್ಕೆ ನಿಲ್ಲಿಸಿಬಿಡಬಹುದಾಗಿತ್ತು. ಸಭೆಗಳಲ್ಲಿ ನಾವು ಮಹಾಪುರುಷರ ಕಥೆಯನ್ನು ಹಾಗೆಯೇ ಕಿರೀಟಧಾರಣೆಗೆ ನಿಲ್ಲಿಸುತ್ತೇವೆ. ಆದರೆ ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು ಕೇಳುವ ಮನುಷ್ಯನಿಗೆ ಅರ್ಧ ಕಥೆ ಹೇಳುವುದು ನ್ಯಾಯವಲ್ಲ. ಇದ್ದದ್ದನ್ನು ಹೇಳಿದೆ. ಚಾಪ್‌ಮನ್ ತಾವು ಕಲಿತ ಜಮ್‌ಷೆಡ್‌ಪುರದ ಶಾಲೆಗೇ ಮರಳಿ ಹುಡುಗರಿಗೆ ಆಟ ಕಲಿಸಿದರು. ಅನಂತರ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ ಎಂಬ ಸಂಘಕ್ಕೆ ತರಬೇತುದಾರರಾದರು. ಆಮೇಲೆ ಕೇರಳದ ಕ್ವಾರ್ಟ್ಜ್ ಎಂಬ ಸಂಘದಲ್ಲೂ ದುಡಿದರು. ದೊಡ್ಡ ಮೈದಾನಗಳಲ್ಲ, ದೊಡ್ಡ ಸದ್ದಿಲ್ಲ. ಆಡಿದ ತಂಡಗಳಲ್ಲಿ ಕೊಚ್ಚಿಯದು ಕೆಲವೇ ವರ್ಷಗಳಲ್ಲಿ ಮುಚ್ಚಿತು. ಜೆಸಿಟಿಯವರು 2011ರಲ್ಲಿ ತಮ್ಮ ತಂಡವನ್ನು ವಿಸರ್ಜಿಸಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಆತ ತೀರಿಕೊಂಡರು.

"ವಯಸ್ಸೆಷ್ಟು?"

"ನಲವತ್ತೊಂಬತ್ತು."

"ನನಗೆ ಐವತ್ತೊಂದು" ಎಂದು ಅವರು ಮತ್ತೊಂದು ತುದಿಯನ್ನೆಸೆದರು.

ಹಿಂದಿನ ತಲೆಮಾರಿನಲ್ಲಿ ಬೆಂಗಳೂರಿನ ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆಗಳು ತಮ್ಮ ತಮ್ಮ ತಂಡಗಳನ್ನು ಕಟ್ಟಿ, ಆಟಗಾರನಿಗೆ ಒಂದು ನೌಕರಿಯನ್ನೂ ಕೊಡುತ್ತಿದ್ದವು. ಮಂಡಿ ಸೋತ ಮೇಲೂ ತಿಂಗಳ ಮೊದಲ ತಾರೀಖು ಬರುತ್ತಿತ್ತು. ಚಾಪ್‌ಮನ್ನರ ಕಾಲಕ್ಕೆ ಸಂಘಗಳ ಒಪ್ಪಂದದ ಹಣ ಹೆಚ್ಚಿತು; ಭದ್ರತೆ ಕಡಮೆಯಾಯಿತು. ಇಂದಿನ ದೊಡ್ಡ ಲೀಗುಗಳಲ್ಲಿ ಹಣ ಇನ್ನೂ ಹೆಚ್ಚು. ಆದರೆ ಬಾಗಿಲು ಕಿರಿದು, ಒಳಗೆ ನಿಲ್ಲುವ ಕಾಲವೂ ಚಿಕ್ಕದು. ಇದನ್ನೂ ನಾನು ಮುಚ್ಚಿಡಲಿಲ್ಲ. ಆಶಾದಾಯಕವಾದುದು ಒಂದಿತ್ತು, ಅದನ್ನೂ ಹೇಳಿದೆ. 1968-69ರ ಅನಂತರ ಸಂತೋಷ್ ಟ್ರೋಫಿಯನ್ನು ಕಾಣದೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಕಾದಿದ್ದ ನಮ್ಮ ರಾಜ್ಯ 2023ರ ಮಾರ್ಚಿಯಲ್ಲಿ, ಅರೇಬಿಯದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ ಅದನ್ನು ಮರಳಿ ತಂದಿತು. ಅರೇಬಿಯದ ಹೆಸರು ಕೇಳಿ ಅವರು ಮೊದಲ ಬಾರಿಗೆ ಬಟ್ಟಲಿನಿಂದ ಕಣ್ಣೆತ್ತಿದರು. "ಅಲ್ಲಿಯವರೆಗೂ ಕರ್ಕೊಂಡೋಗಿ ಆಡಿಸಿದ್ರಾ?" ಎಂದರು. ಹೌದೆಂದೆ.

ಚಹ ಬಂತು. ಆಳಿನ ಹುಡುಗಿಯೊಬ್ಬಳನ್ನು ಬಟ್ಟಲಿಗೆ ಕೂರಿಸಿ ಅವರು ಕೈ ಒರಸಿಕೊಂಡು ಹೊರಗೆ ಬಂದರು. ತೀರ್ಮಾನ ಮೂರು ಮಾತಿನಲ್ಲಿ ಮುಗಿಯಿತು. ಹುಡುಗ ಪದವಿಯನ್ನು ಮುಗಿಸತಕ್ಕದ್ದು. ವಾರದಲ್ಲಿ ಮೂರು ಬೆಳಗು ಮಾರುಕಟ್ಟೆಗೆ ಬರತಕ್ಕದ್ದು. ಉಳಿದ ಬೆಳಗುಗಳು ಅವನವು. "ವರ್ಷ ಕಳೀಲಿ, ಆಮೇಲೆ ನೋಡೋಣ ಮೇಷ್ಟ್ರೇ" ಎಂದರು. ಅಷ್ಟೇ. ಇದನ್ನು ಜಯವೆನ್ನಬೇಕೋ ಅರ್ಧ ಸೋಲೆನ್ನಬೇಕೋ ನನಗೆ ತಿಳಿಯದು. ಹುಡುಗ ಮಾತ್ರ ಗೇಟಿನವರೆಗೆ ಬಂದು, "ಸಾರ್, ಆ ಚಾಪ್‌ಮನ್ ಸಾರ್ ಆಡಿದ್ದು ವಿಡಿಯೋ ಸಿಗುತ್ತದೆಯೆ?" ಎಂದು ಕೇಳಿದ. ಸಿಕ್ಕಿದ ಒಂದೆರಡು ಮಸುಕು ತುಣುಕುಗಳಲ್ಲಿ ಗೋಲುಗಳೇ ಇವೆ, ಗೋಲಿನ ಹಿಂದಿನದು ಇಲ್ಲ ಎಂದೆ.

ಮುಂದಿನ ಪಂದ್ಯ ಮಾಗಡಿಯಲ್ಲಿ. ನಿರ್ದೇಶಕರ ಜ್ವರ ಬಿಟ್ಟಿತ್ತು. ಆದರೂ ನಾನಾಗಿಯೇ ಹೊರಟೆ. ಸಿಬ್ಬಂದಿಯಲ್ಲಿ ಇದು ಒಂದು ವಿನೋದದ ವಿಷಯವಾಯಿತು. ಗಡಿಗೆರೆಯ ಆಚೆ ಒಂದು ಹುಣಸೆಮರದ ನೆರಳಿನಲ್ಲಿ ಕುಳಿತು, ಹಾಜರಿ ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ ಗೆರೆಗಳನ್ನು ಎಳೆಯುತ್ತ ಹೋದೆ. ಆ ಹುಡುಗನ ಕಾಲಿಗೆ ಚೆಂಡು ಬಂದಾಗಲೆಲ್ಲ ಒಂದು ಗೆರೆ. ಅವನು ಕೊಟ್ಟದ್ದು ನಮ್ಮವನಿಗೇ ತಲಪಿದರೆ ಅದರ ಮೇಲೊಂದು ಅಡ್ಡಗೆರೆ. ನಡುವೆ ಒಮ್ಮೆ ಯಾರೋ ಬಂದು ನಮಸ್ಕಾರವೆಂದುದರಿಂದ ಎರಡೋ ಮೂರೋ ತಪ್ಪಿಹೋಗಿರಬೇಕು. ನಾವು ಆ ಪಂದ್ಯವನ್ನು ಒಂದು ಗೋಲ್ನಿಂದ ಸೋತೆವು.

ಸೋಮವಾರ ಸೂಚನಾ ಫಲಕದಲ್ಲಿ ವರದಿ ಹಾಕಿದೆ. ಮಾಗಡಿಯಲ್ಲಿ 0-1ರ ಸೋಲು. ನಮ್ಮ ನಡುವಿನ ಆಟಗಾರನಿಗೆ ಬಂದ ಚೆಂಡು 58, ಅವನು ಸರಿಯಾಗಿ ತಲಪಿಸಿದ್ದು 47. ಕೆಳಗೆ ಅವನ ಹೆಸರು. ಮಧ್ಯಾಹ್ನ ಪ್ರಾಂಶುಪಾಲರು ಅದರ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತಿದ್ದರು. ನನ್ನನ್ನು ಕಂಡು, "ಏನ್ರೀ ಮೇಷ್ಟ್ರೇ, ಸೋತದ್ದಕ್ಕೂ ಲೆಕ್ಕ ಕೊಡುತ್ತೀರಲ್ಲ, ಇದು ಯಾವ ಅಂಕಪಟ್ಟಿ?" ಎಂದರು. ಅವರ ಹಿಂದೆ ಚನ್ನಪಟ್ಟಣದ ಆ ಎತ್ತರದ ಹುಡುಗ ನಿಂತು, ನಲವತ್ತೇಳರಲ್ಲಿ ತನಗೆ ಬಂದವು ಎಷ್ಟು ಎಂದು ಬೆರಳು ಮಡಿಸಿ ಎಣಿಸುತ್ತಿದ್ದ.